ಎರಡನೇ ದನಿ

ಜೇನುಮೇಣ ಕರಗುವ ವಾಸನೆ, ಅಲ್ಲ, ಇದು ಇಗರ್ಜಿಯ ಸಭಾಂಗಣದ ಮೇಜಿನ ಮೇಲಿನ ಮೇಣದಬತ್ತಿ, ಆದರೂ ಒಟಿಲಿಯಾಳ ಮೂಗಿಗೆ ಅದು ಅಪ್ಪನ ಅಡುಗೆಮನೆ, ಒಲೆಯ ಮೇಲೆ ಮೇಣದ ಡಬ್ಬಿ, ಬಿಚ್ಚಿಟ್ಟ ಅಕಾರ್ಡಿಯನ್, ಮೇಣದಲ್ಲಿ ಕೂರಿಸಿದ ಎಡಗೈ ಕಡೆಯ, ಕೆಳಸ್ವರ ನುಡಿಯುವ ಹಿತ್ತಾಳೆ ನಾಲಗೆಗಳನ್ನು ಅಪ್ಪ ಒಂದೊಂದಾಗಿ ಕಿತ್ತಿಡುತ್ತಿದ್ದಾನೆ, ಯಾಕಪ್ಪಾ ಅಂತ ಅಕ್ಕ ಡೆಲ್ಫಿನಾ ಕೇಳುತ್ತಾಳೆ, ಕೆಳಗಿನ ಸ್ವರಕ್ಕೆ ಬಾಹೋ ಇದೆಯಲ್ಲ ಮಗಳೇ, ಪಕ್ಕದಲ್ಲಿ ಒಬ್ಬ ಇದ್ದಮೇಲೆ ಎಲ್ಲಾ ನಾವೇ ನುಡಿಸ್ಬೇಕಾ — ಬಾಹೋ ಎಂದರೆ ಹನ್ನೆರಡು ತಂತಿಯ ಆ ದಪ್ಪ ಗಿಟಾರು, ಆಗ ಎವಾರಿಸ್ತೊನ ಅಪ್ಪ ನುಡಿಸುತ್ತಿದ್ದ, ಆಮೇಲೆ ಎವಾರಿಸ್ತೊ — ಹಗಲೆಲ್ಲ ಹತ್ತಿ ಬಿಡಿಸಿ ಸಂಜೆ ಹಲಗೆ ಹಾಸಿದ ಬಯಲಲ್ಲಿ ಕುಣಿತ, ಇಬ್ಬರಿಗೂ ಒಂದೇ ಮೈಕು, ಎಡಕ್ಕೆ ಡೆಲ್ಫಿನಾ, ಮೊದಲ ದನಿ, ಹಾಡಿನ ರಾಗ ಅವಳದು, ಬಲಕ್ಕೆ ಇವಳು, ಎರಡನೇ ದನಿ, ಆ ರಾಗಕ್ಕೆ ಕೆಳಗಿನಿಂದ ಜೊತೆಕೊಡುವ ಬೇರೆ ಸ್ವರ, ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ, ಅಕ್ಕ ಕೂಗಿದ್ರೆ ಕೋಳಿ ಏಳ್ತವೆ, ತಂಗಿ ಹಾಡಿದ್ರೆ ಮತ್ತೆ ಮಲಗ್ತವೆ, ಎವಾರಿಸ್ತೊನ ಹಳೇ ಹಾಸ್ಯ, ಹುಡುಗರು ಕೀಬೋರ್ಡು ತಂದು ಬಾಹೋವನ್ನು ಮೂಲೆಗಿಟ್ಟ ವರ್ಷಗಳಲ್ಲೂ ಅವನು ತನ್ನ ಬಾಹೋ ಬಿಡಲಿಲ್ಲ.

ಇವತ್ತು ಬೆಳಿಗ್ಗೆ ಅಕ್ಕನ ಸಮಾಧಿಯ ಹತ್ತಿರ ಅವನು ತಂತಿ ಮೀಟಿದ, ನನ್ನ ಮಣ್ಣಿಗೆ ನೀನೇ ಹಾಡ್ಬೇಕು ಕಣೇ, ಕ್ಯಾಸೆಟ್ ಹಾಕಿ ಸಾಗಹಾಕ್ಬೇಡ ಅಂದಿದ್ದಳಲ್ಲ ಅಕ್ಕ, ಒಟಿಲಿಯಾ ಬಾಯಿ ತೆರೆದಳು, ಬಂದದ್ದು ಎರಡನೇ ದನಿ, ನಲವತ್ತು ವರ್ಷ ಹಾಡಿದ್ದು ಅದನ್ನೇ, ಮೊದಲ ದನಿ ಕೇಳಿದ್ದಷ್ಟೇ, ಹಾಡಿದ್ದಿಲ್ಲ, ಪ್ರತಿ ಸಾಲಿನ ಕೊನೆಗೂ ಎಡಕ್ಕೆ ತಲೆ ವಾಲುತ್ತದೆ, ಅಲ್ಲಿ ಬರೀ ಗಾಳಿ, ಜನ ತಮ್ಮ ತಮ್ಮ ಬೂಟು ನೋಡಿಕೊಂಡರು, ಯಾವ ಹಾಡೆಂದು ಯಾರಿಗೂ ಗುರುತು ಸಿಗಲಿಲ್ಲ, ಅಳು ಬರಲಿಲ್ಲ, ಈಗ ಈ ಸಭಾಂಗಣದಲ್ಲೂ ಬರುತ್ತಿಲ್ಲ, ಮಡಿಲಲ್ಲಿರುವ ಕೈಗಳು ಬೇರೆ ಯಾರವೋ — ಅಕ್ಕನ ಮಗಳು ರೊಸೌರಾ ಬಗ್ಗಿ ಹೇಳುತ್ತಿದ್ದಾಳೆ, ಚಿಕ್ಕಮ್ಮಾ, ಅಲ್ಲಿ ಎಲ್ಲೋ ತಪ್ಪಿತು, ಇಲ್ಲಿ ಇನ್ನೊಂದ್ಸಲ ಹಾಡಿ, ಅಮ್ಮನ ಹಾಡು ಸರಿಯಾಗಿ ಕೇಳ್ಬೇಕು ನಮಗೆ, ಪಾಪ, ಕೇಳುವುದು ತಪ್ಪಲ್ಲ, ಒಟಿಲಿಯಾ ಒಳಗೇ ಮೊದಲ ದನಿ ಹುಡುಕುತ್ತಾಳೆ, ಅದು ಅಕ್ಕನ ಗಂಟಲಲ್ಲಿದೆ, ಅಕ್ಕ ಮಣ್ಣಲ್ಲಿ, ಮೈಕು ಇದೆ, ಅದರ ಎಡಗಡೆ ಖಾಲಿ — ತಪ್ಪೇನೂ ಆಗಿಲ್ಲ ರೊಸೌರಾ, ಅವಳ ಪಾಲು ಅವಳು ಹಾಡಿದಳು, ಎವಾರಿಸ್ತೊನ ದನಿ, ಈಗ ಊಟ ಮಾಡ್ಲಿ ಬಿಡು — ಅವನ ಕೈಯಲ್ಲಿ ತಟ್ಟೆ, ಎರಡು ತಮಾಲೆ ಕಡುಬು, ಸುತ್ತಿದ್ದ ಮುಸುಕಿನ ಜೋಳದ ಸಿಪ್ಪೆ ಆಗಲೇ ಬಿಡಿಸಿದೆ, ಇವಳ ಸೆಟೆದ ಬೆರಳಿಗೆ ಆಗದೆಂದು ಡೆಲ್ಫಿನಾ ಬಿಡಿಸಿ ಕೊಡುತ್ತಿದ್ದ ಹಾಗೆಯೇ, ಎಡಗಡೆಯ ಕುರ್ಚಿ, ಅಕ್ಕನ ಕಡೆಯದು, ಖಾಲಿಯಿದೆ, ಅವನು ಅದರಲ್ಲಿ ಕೂರುವುದಿಲ್ಲ, ಸುತ್ತುಹಾಕಿ ಬಲಗಡೆಗೆ ಬಂದು ತಟ್ಟೆಯನ್ನು ಅವಳ ಕೈಗೆ ಕೊಡುತ್ತಾನೆ, ಎಡಗಡೆ ಖಾಲಿ