ಮಾಗಿಯ ಉತ್ತರ

ಮಳವಳ್ಳಿಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದ ತಿರುನಾರಾಯಣ ಮೇಷ್ಟರು ತಮ್ಮ ಜನ್ಮದಲ್ಲಿ ಕಂಡ ಹಿಮವೆಂದರೆ ಧನುರ್ಮಾಸದ ಬೆಳಗಿನ ಇಬ್ಬನಿ ಮಾತ್ರ. ಆದರೂ ಪ್ರತಿವರ್ಷ ಒಂದು ಇಂಗ್ಲಿಷ್ ಪದ್ಯದ ಪಾಠ ಬಂದಾಗ ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವರ ಹಾಗೆ ಗಡಗಡ ನಡುಗಿ ತೋರಿಸುತ್ತಿದ್ದರು. ಮನುಷ್ಯನ ಬಾಳನ್ನು ಋತುಗಳಿಗೆ ಹೋಲಿಸಿದ ಹಳೆಯ ಪದ್ಯ ಅದು. ಬಾಲ್ಯವೆಂದರೆ ವಸಂತ, ಮುಪ್ಪೆಂದರೆ ಚಳಿಗಾಲ. ಚಳಿಗಾಲದ ಸಾಲುಗಳಿಗೆ ಬರುವಾಗ ಮೇಷ್ಟರ ದನಿ ತಾನಾಗಿ ಕುಗ್ಗುತ್ತಿತ್ತು.

ಈಗ ೧೯೩೭ರ ಧನುರ್ಮಾಸ. ಮೇಷ್ಟರಿಗೇ ನಿವೃತ್ತಿಯಾಗಿತ್ತು. ಮಂಡ್ಯದ ಗುತ್ತಲಿನಲ್ಲಿ ಮನೆ ಹಿಡಿದು, ಹೊರಡಲು ಟ್ರಂಕು ತುಂಬುವಾಗ ಒಂದು ಹಳೆಯ ಉತ್ತರಪತ್ರಿಕೆ ಸಿಕ್ಕಿತು. ಬರೆದವನು ಚಿಕ್ಕಬೋರಯ್ಯ, ಮಳವಳ್ಳಿಯ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಕಾಳಮುದ್ದನದೊಡ್ಡಿಯ ಹುಡುಗ. ಮುಪ್ಪನ್ನು ಚಳಿಗಾಲಕ್ಕೆ ಹೋಲಿಸಿದ್ದೇಕೆ ಎಂಬ ಪ್ರಶ್ನೆಗೆ ಅವನ ಉತ್ತರದ ಮೇಲೆ ಕೆಂಪು ಮಸಿಯ ದೊಡ್ಡ ಸೊನ್ನೆ ಇತ್ತು. ಅಂದು ಮೇಷ್ಟರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ತಾವೂ ನಕ್ಕು, ಎಲ್ಲರನ್ನೂ ನಗಿಸಿದ್ದರು. ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಂದ ನೂರು ಸಲ ಕಾಪಿ ಬರೆಸಿದವರೂ ಇವರೇ!

“ಹದಿನೈದು ವರ್ಷ ಇದನ್ನ ಇಟ್ಕೊಂಡಿದೀರಲ್ಲ! ಬಸ್ಸು ಹೇಗೂ ದೊಡ್ಡಿ ಮೇಲೇ ಹೋಗತ್ತೆ. ಇಳಿದು ಕೊಟ್ಬನ್ನಿ” ಎಂದರು ಹೆಂಡತಿ ತಿರುಮಲಮ್ಮ.

ಹೆಂಡತಿಯನ್ನು ಸಾಮಾನಿನೊಂದಿಗೆ ಮುಂದೆ ಕಳಿಸಿ, ಮೇಷ್ಟರು ಕಾಳಮುದ್ದನದೊಡ್ಡಿಯಲ್ಲಿ ಇಳಿದರು. ಚಿಕ್ಕಬೋರಯ್ಯ ಆಲೆಮನೆಯಲ್ಲಿದ್ದ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಪಕ್ಕದ ಕಣದಲ್ಲಿ ರಾಗಿಯ ಮೆದೆ, ಅದರ ಬುಡದ ಬಿಸಿಲಲ್ಲಿ ಅವನ ಅಜ್ಜಿ ಪುಟ್ಟಮಾದಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅವರೆಯ ಸೊಗಡಿಗೆ ಮೇಷ್ಟರಿಗೆ ತಮ್ಮ ಅಜ್ಜಿಯ ಅಡಿಗೆಮನೆ ನೆನಪಾಯಿತು.

“ಬನ್ನಿ ಮೇಷ್ಟ್ರೇ, ಬಿಸ್ಲಲ್ಲಿ ಕುಂತ್ಕಳಿ” ಎಂದು ಚಿಕ್ಕಬೋರಯ್ಯ ಚಾಪೆ ಹಾಸಿ, ಕಬ್ಬಿನ ಹಾಲು ತಂದುಕೊಟ್ಟ.

ಮೇಷ್ಟರು ಲೋಟ ಕೆಳಗಿಟ್ಟರು. “ಆವತ್ತು ಶಾಲೆ ಯಾಕೆ ಬಿಟ್ಟೆಯಪ್ಪ?”

“ಸೊನ್ನೆಗೇನಲ್ಲ ಸೋಮಿ. ನೀವೂ ನಗಾಡ್ಬುಟ್ರಲ್ಲ, ಅದಕ್ಕೆ.”

ಮೇಷ್ಟರು ತಲೆ ತಗ್ಗಿಸಿದರು. “ತಪ್ಪಾಯ್ತಪ್ಪ” ಎಂದು ಕಾಗದ ಮುಂದೆ ಹಿಡಿದರು. ಆ ಕೆಂಪು ಸೊನ್ನೆಯನ್ನು ಹಿಂದಿನ ರಾತ್ರಿಯೇ ಹೊಡೆದುಹಾಕಿ, ಪಕ್ಕದಲ್ಲಿ ಪೂರ್ತಿ ಅಂಕ ಬರೆದಿದ್ದರು.

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. “ಇಂಗ್ಲೀಸು ಮರ್ತೋಗ್ಯದೆ. ನೀವೇ ಓದ್ಬುಡಿ. ಆವತ್ತು ಓದಿದ್ರಲ್ಲ, ಅಂಗೇ ಗಟ್ಟಿಯಾಗಿ. ನಮ್ಮಜ್ಜಿಗೂ ತಿಳೀಲಿ.”

ಮೇಷ್ಟರು ಎದ್ದು ನಿಂತರು. ಗಾಣದವರು, ಒಲೆಯವರು ಕೆಲಸ ನಿಲ್ಲಿಸಿ ಕಿವಿಗೊಟ್ಟರು. ಒಂದೊಂದು ವಾಕ್ಯವನ್ನೂ ಕನ್ನಡ ಮಾಡುತ್ತ ಓದಿದರು: “ಮುಪ್ಪು ಚಳಿಗಾಲದ ಹಾಗೆ. ಏಕೆಂದರೆ ಚಳಿಗಾಲದಲ್ಲಿ ರಾಗಿ ಕಣಕ್ಕೆ ಬಂದಿರುತ್ತದೆ. ಹೊಸ ಬೆಲ್ಲ ಇರುತ್ತದೆ. ಅವರೆ ಸೊಗಡು ಕಟ್ಟಿರುತ್ತದೆ. ನನ್ನ ಅಜ್ಜಿ ಬಿಸಿಲಲ್ಲಿ ಕೂತಿರುತ್ತಾಳೆ, ಎಲ್ಲರೂ ಅವಳ ಹತ್ತಿರ ಬರುತ್ತಾರೆ. ಅದಕ್ಕೇ ಮುಪ್ಪು ಎಲ್ಲಕ್ಕಿಂತ ಒಳ್ಳೆಯ ಕಾಲ.”

ಯಾರೂ ನಗಲಿಲ್ಲ. ಪುಟ್ಟಮಾದಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಮೇಷ್ಟರ ಮುಖ ನೋಡಿದಳು.

“ಸರಿಯಾಗೇ ಬರ್ದವ್ನಲ್ಲ ನನ್ ಮೊಗ. ಇದಕ್ಯಾಕೆ ಸೋಮಿ ನಗಾಡುದ್ರಿ?”

ಮೇಷ್ಟರು ಕಾಗದವನ್ನು ಚಿಕ್ಕಬೋರಯ್ಯನ ಕೈಗಿತ್ತರು. ಅವಳ ಪಕ್ಕದಲ್ಲಿ ಕೂತು, ಮೊರದಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದರು.