ಕಡಲಡಿಯ ತುಕ್ಕು

"ತುಕ್ಕು ಹಚ್ಚಲು ನಿಮಗೆ ಯಾರು ಹೇಳಿದ್ದು? ನಾನು ಹೇಳಿದ್ದೆನಾ?"

"ಕೂಗಬೇಡ. ಬಣ್ಣ ಇನ್ನೂ ಒಣಗಿಲ್ಲ."

"ಒಣಗದಿದ್ದರೆ ಒಳ್ಳೆಯದೇ ಆಯಿತು, ಒರೆಸಿ ತೆಗೆಯಿರಿ. ನನ್ನ ಮಗನ ಬೋಟನ್ನು ಗುಜರಿ ಮಾಡಿ ಇಟ್ಟಿದ್ದೀರಿ."

"ಕಬ್ಬಿಣದ ಬೋಟು, ಪ್ರಫುಲ್ಲಾ. ನಾಲ್ಕು ವರ್ಷ ಆಯಿತು. ನಿನ್ನ ಮಗನದ್ದು ಅಂತ ಕಡಲು ಮರ್ಯಾದೆ ಕೊಡುತ್ತದಾ?"

"ನಿಮ್ಮ ಬಾಯಿಗೆ ಹುಳ ಬೀಳಲಿ."

ಕಾಪುವಿನ ದೀಪಸ್ತಂಭದಿಂದ ಕೂಗಳತೆಯ ದೂರದಲ್ಲಿರುವ ಆ ಮನೆಯ ಜಗಲಿಯಲ್ಲಿ, ಹಳೆಯ ಪೇಪರಿನ ಮೇಲೆ, ಒಂದೂವರೆ ಗೇಣು ಉದ್ದದ ಬೋಟೊಂದು ನಿಂತಿತ್ತು. ಚಾಲಕ ನಿಲ್ಲುವ ಗೂಡು, ಬಲೆ ಎಳೆಯುವ ವಿಂಚು, ಮುಂದೆ ತೂಗುವ ಲಂಗರು, ಒಂದನ್ನೂ ಬಿಟ್ಟಿರಲಿಲ್ಲ. ಮೈಮೇಲಿನ ನೀಲಿಯನ್ನು ಮುಕ್ಕಾಲುಪಾಲು ತುಕ್ಕು ತಿಂದಿತ್ತು. ಹೆಸರಿನ ಜಾಗ ಮಾತ್ರ ಖಾಲಿ. ಆ ಬೋಟಿನ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಪ್ರಫುಲ್ಲಾಳ ಗಂಡ ಭೋಜ ಅರ್ಧ ಆಯುಷ್ಯ ಮಲ್ಪೆಯ ಬಂದರಿನಲ್ಲಿ ಬೋಟುಗಳ ತುಕ್ಕು ಕೆರೆದು, ರೆಡ್ ಆಕ್ಸೈಡ್ ಹೊಡೆದು, ಅದರ ಮೇಲೆ ಬಣ್ಣ ಬಳಿದವ. ಮಗ ಅಕ್ಷಿತ್ ಹೋದ ಬೋಟು ತಿರುಗಿ ಬಾರದ ಮೇಲೆ ಬಂದರಿನ ಕಡೆ ಕಾಲು ಹಾಕಲಿಲ್ಲ. ಮಣಿಪಾಲದ ಡಾಕ್ಟರರೊಬ್ಬರಿಗೆ ಸಣ್ಣ ಸಣ್ಣ ಲಾರಿ, ಬಸ್ಸು ಮಾಡಿಸಿ ಕಪಾಟಿನಲ್ಲಿ ಇಡುವ ಹುಚ್ಚು. ಹೊಸದಲ್ಲ, ಗುಡ್ಡೆಯಲ್ಲಿ ಬಿದ್ದು ತುಕ್ಕು ಹಿಡಿದದ್ದೇ ಆಗಬೇಕು. ಮೊದಲ ಸಲ ಕೇಳಿದಾಗ ಭೋಜ, "ನಿಮಗೆ ತಲೆ ಸಮ ಉಂಟಾ ಡಾಕ್ಟರೇ?" ಎಂದಿದ್ದ. ಆಮೇಲೆ ಅದೇ ಕೆಲಸ ಕೈಗೆ ಹತ್ತಿತು. ವೆಲ್ಡಿಂಗ್ ಶಾಪಿನ ಕಬ್ಬಿಣದ ಹುಡಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಒಣಗಿಸಿ, ಹಳೆ ಲುಂಗಿಯ ತುಂಡಿನಲ್ಲಿ ಜರಡಿ ಹಿಡಿಯುವುದು. ಸ್ಪಂಜಿನ ಚೂರಿನಿಂದ ಅಲ್ಲಲ್ಲಿ ಒತ್ತುವುದು. ಹಳೆ ತುಕ್ಕು ಕಪ್ಪುಗಂದು, ಹೊಸ ತುಕ್ಕು ಕಿತ್ತಳೆ. ಕಿತ್ತಳೆ ಹೆಚ್ಚಾಯಿತೋ, ಕೆಲಸ ಕೆಟ್ಟಿತು. ಆ ಕೆಲಸಕ್ಕೆ ಕೂತಾಗ ಅವನಿಗೆ ಎಂತದೂ ಅನಿಸುತ್ತಿರಲಿಲ್ಲ. ಅವನಿಗೆ ಬೇಕಾದದ್ದೂ ಅದೇ.

ಪ್ರಫುಲ್ಲಾ ಕೇಳಿದ್ದು ಬೇರೆ. ಬೋಟನ್ನು ಮೊದಲ ಸಲ ನೀರಿಗಿಳಿಸಿದ ದಿನ ಹೇಗಿತ್ತೋ ಹಾಗೆ, ಹೂವಿನ ಮಾಲೆ ಸಮೇತ ಮಾಡಿಕೊಡಿ, ಶೋಕೇಸಿನಲ್ಲಿ ಇಡುತ್ತೇನೆ ಅಂತ. ಅವಳ ಪ್ರಕಾರ ಮಗ ಎಲ್ಲೋ ಇದ್ದಾನೆ. ಯಾವುದೋ ದೇಶದವರು ಬೋಟು ಹಿಡಿದಿಟ್ಟಿದ್ದಾರೆ, ಭಾಷೆ ಬಾರದೆ ಕೂತಿದ್ದಾನೆ. ಹೆಣ ಸಿಕ್ಕಲಿಲ್ಲ, ಬಲೆಯ ಒಂದು ತುಂಡೂ ಸಿಕ್ಕಲಿಲ್ಲ, ಮತ್ತೆ ಸತ್ತ ಅಂತ ಹೇಳಲು ನೀವು ಯಾರು? ಹೆಣ ಸಿಕ್ಕದವರಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟು, ಬೊಜ್ಜದ ಉತ್ತರಕ್ರಿಯೆ ಮುಗಿಸಿ, ನೆಂಟರಿಗೆ ಊಟ ಹಾಕುವ ಕ್ರಮ ಉಂಟು. ಆ ಮಾತು ಎತ್ತಿದ ಸ್ವಂತ ತಮ್ಮನನ್ನು ಅವಳು ಅರ್ಧ ಊಟದಲ್ಲಿ ಎಬ್ಬಿಸಿ ಅವನ ಊರು ಇನ್ನಂಜೆಗೆ ಕಳಿಸಿದ್ದಳು.

ಬೊಜ್ಜ ಆಗದೆ ಸೊಸೆ ನವ್ಯಶ್ರೀ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮದುವೆಯಾದ ವರ್ಷವೇ ಗಂಡ ಹೋದ. ಕೊರಳಲ್ಲಿ ಕರಿಮಣಿ ಹಾಗೆಯೇ ಉಂಟು. ಬೆಳಿಗ್ಗೆ ಮಣಿಪಾಲದ ಮೆಡಿಕಲ್ ಶಾಪಿಗೆ, ಸಂಜೆ ವಾಪಸ್ಸು. ಹಿಂದಿನ ತಿಂಗಳು ಕಾರ್ಕಳದಿಂದ ಅವಳ ಅಣ್ಣ ರೋಶನ್ ಬಂದು, ಒಂದು ಸಂಬಂಧ ಬಂದಿದೆ ಎಂದ. "ಗಂಡ ಇರುವವಳಿಗೆ ಎಂತ ಸಂಬಂಧ?" ಎಂದು ಪ್ರಫುಲ್ಲಾ ಅವನ ಮುಂದಿದ್ದ ಚಾದ ಲೋಟವನ್ನೇ ಎತ್ತಿಕೊಂಡು ಒಳಗೆ ಹೋದಳು. ರೋಶನ್ ಗೇಟಿನ ಹತ್ತಿರ ಭೋಜನಿಗೆ ಹೇಳಿದ, "ಅವಳಿಗೆ ಮನಸ್ಸುಂಟು ಮಾವ. ಆದರೆ ನಿಮ್ಮ ಬಾಯಿಂದ ಒಂದು ಮಾತು ಬಾರದೆ ಅವಳು ಈ ಮೆಟ್ಟಿಲು ಇಳಿಯುವವಳಲ್ಲ."

ಬೈಗುಳವಾದರೆ ಭೋಜನ ಬಾಯಿಂದ ಧಾರಾಳ ಬರುತ್ತಿತ್ತು. ಈ ಮಾತು ಬರಲಿಲ್ಲ. ಹಾಗಾಗಿ ಬೋಟು ಮಾಡಲು ಕೂತ. ಕಡಲಡಿಯಲ್ಲಿ ಅದು ಈಗ ಹೇಗುಂಟೋ ಹಾಗೆ ಮಾಡಿ ಹೆಂಡತಿಯ ಎದುರು ಇಟ್ಟರೆ, ಮಾತಾಡುವ ಕೆಲಸ ಬೋಟೇ ಮಾಡೀತು ಎಂದುಕೊಂಡಿದ್ದ.

ನವ್ಯಶ್ರೀ ಕೆಲಸಕ್ಕೆ ಹೊರಟವಳು ಊಟದ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು.

ಪ್ರಫುಲ್ಲಾ ಬೋಟಿನ ಎದುರು ಕುಕ್ಕರುಗಾಲಲ್ಲಿ ಕೂತಳು. ಕಡಲ ಕರೆಯಲ್ಲೇ ಹುಟ್ಟಿ ಬೆಳೆದವಳು, ಬೋಟು ನೋಡಲು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಸ್ವಲ್ಪ ಹೊತ್ತು ನೋಡಿದವಳು ಬೆರಳು ತೋರಿಸಿದಳು.

"ಇದೆಂತ, ಗೆರೆ ಗೆರೆ?"

"ತುಕ್ಕು ಇಳಿದದ್ದು."

"ಹೇಗೆ ಇಳಿಯಿತು?"

"ಹೇಗೆ ಅಂದರೆ? ಮಳೆ ನೀರು ಬಿದ್ದು..."

"ಕಡಲಿನ ಅಡಿಯಲ್ಲಿ ಮಳೆ ಬರುತ್ತದಾ, ಇವರೇ?"

ಭೋಜ ನೋಡಿದ. ನೀರು ಹೋಗುವ ತೂತುಗಳ ಕೆಳಗೆ, ಲಂಗರಿನ ಕೆಳಗೆ, ಸಣ್ಣ ಸಣ್ಣ ಕಿತ್ತಳೆ ಗೆರೆಗಳು ನೆಟ್ಟಗೆ ಇಳಿದಿದ್ದವು. ಮಲ್ಪೆಯ ದಕ್ಕೆಯಲ್ಲಿ ಮಳೆಗಾಲವಿಡೀ ಸಾಲಾಗಿ ಕಟ್ಟಿಹಾಕಿದ ಬೋಟುಗಳ ಮೈಮೇಲೆ ಇಳಿಯುತ್ತದಲ್ಲ, ಹಾಗೆ. ನೀರಿನಡಿಯಲ್ಲಿ ತುಕ್ಕು ಇಳಿಯುವುದಿಲ್ಲ. ನಿಂತಲ್ಲೇ ಗಂಟು ಗಂಟಾಗಿ ಉಬ್ಬುತ್ತದೆ. ಮುಳುಗಿದ ಕಬ್ಬಿಣ ಎತ್ತಿದ್ದನ್ನು ಎಷ್ಟು ಸಲ ನೋಡಿಲ್ಲ ಅವನು. ಆದರೂ ಕೈ ಅವನಿಗೆ ಒಂದು ಮಾತೂ ಹೇಳದೆ ಬೋಟನ್ನು ಯಾವುದೋ ದಕ್ಕೆಗೆ ಕಟ್ಟಿಹಾಕಿತ್ತು.

"ಕೇಳಿದೆಯಾ ನವ್ಯ?" ಪ್ರಫುಲ್ಲಾಳ ಸ್ವರದಲ್ಲಿ ಈಗ ಸಿಟ್ಟಿರಲಿಲ್ಲ. "ಬಾಯಲ್ಲಿ ಸಾವಿರ ಹೇಳಲಿ, ನಿನ್ನ ಮಾವನಿಗೂ ಗೊತ್ತುಂಟು. ಬೋಟು ನೀರಿನ ಮೇಲೆಯೇ ಉಂಟು. ನಿನ್ನ ಅಣ್ಣನಿಗೆ ಫೋನ್ ಮಾಡಿ ಹೇಳು, ಇನ್ನು ಆ ಸಂಬಂಧದ ಮಾತು ಬೇಡ ಅಂತ."

ನವ್ಯಶ್ರೀ ಬೋಟನ್ನು ನೋಡಿದಳು, ಮಾವನ ಮುಖ ನೋಡಿದಳು. "ಆಯಿತು ಅತ್ತೆ" ಎಂದು ಮೊಬೈಲು ತೆಗೆಯಲು ಊಟದ ಚೀಲವನ್ನು ನೆಲಕ್ಕೆ ಇಟ್ಟಳು.

ಆ ಚೀಲ ಕೆಳಗೆ ಕೂತದ್ದನ್ನು ಭೋಜ ಕಂಡ. ಕೋಪ ಬರಬಹುದು ಎಂದು ಕಾದ, ಬರಲಿಲ್ಲ. ಅಳು ಮೊದಲೇ ಇರಲಿಲ್ಲ. ಬಟ್ಟೆಯ ಚೂರನ್ನು ಥಿನ್ನರಿನಲ್ಲಿ ಅದ್ದಿ, ಮೇಲಿನಿಂದ ಒಂದೊಂದೇ ಗೆರೆ ಒರೆಸತೊಡಗಿದ.

"ಎಂತ ಮಾಡುತ್ತೀರಿ?" ಪ್ರಫುಲ್ಲಾ ಕೇಳಿದಳು.

ಅವನು ಒರೆಸುತ್ತಲೇ ಇದ್ದ. ಗೆರೆಗಳು ಹೋದವು. ಕಬ್ಬಿಣದ ಹುಡಿಗೆ ಗೋಂದು ಕಲಸಿ, ಗೆರೆ ಇದ್ದಲ್ಲೆಲ್ಲ ಗಂಟು ಗಂಟಾಗಿ ಮೆತ್ತಿದ. ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು, ಕಡ್ಡಿಯ ತುದಿಯಲ್ಲಿ ಬೋಟಿನ ಬದಿಗೆಲ್ಲ ಚುಕ್ಕಿ ಇಟ್ಟ. ಬಂಡೆಗೆ, ಕಂಬಕ್ಕೆ, ಅಲ್ಲಾಡದೆ ಇರುವ ಎಲ್ಲದಕ್ಕೂ ಕಡಲಿನಲ್ಲಿ ಕಚ್ಚಿ ಹಿಡಿಯುವ ಚಿಪ್ಪಿನ ಹಾಗೆ. ಕೊನೆಗೆ ನೆಟ್ಟಗೆ ನಿಂತಿದ್ದ ಬೋಟನ್ನು ಎರಡೂ ಕೈಯಿಂದ ಹಿಡಿದು ಮಗ್ಗುಲಿಗೆ ಮಲಗಿಸಿದ.

"ಹೀಗೆ ಉಂಟು ಅದು. ಇನ್ನು ಎದ್ದು ಬರುವುದಿಲ್ಲ. ಬೊಜ್ಜಕ್ಕೆ ನಾನು ದಿನ ನೋಡಿಸುತ್ತೇನೆ."

ಪ್ರಫುಲ್ಲಾ ಕಿರುಚಲಿಲ್ಲ. ಮಲಗಿದ ಬೋಟನ್ನು ನೋಡುತ್ತಾ ಹಾಗೆಯೇ ಕೂತಳು. ಭೋಜ ಸೊಸೆಯ ಕಡೆ ತಿರುಗಿದ.

"ನೀನು ಯಾರಿಗೂ ಫೋನ್ ಮಾಡುವುದು ಬೇಡ. ಹೊರಡು."

ನವ್ಯಶ್ರೀ ಒಳಗೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಬಟ್ಟೆಯ ಬ್ಯಾಗು ಹಿಡಿದು ಬಂದಳು. ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಪ್ರಫುಲ್ಲಾ ಕಾಲು ಎಳೆದುಕೊಳ್ಳಲೂ ಇಲ್ಲ, ತಲೆಯ ಮೇಲೆ ಕೈ ಇಡಲೂ ಇಲ್ಲ.

"ಪಡುಬಿದ್ರಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿ," ಭೋಜ ಹೇಳಿದ. "ದಿನಾ ನಿಲ್ಲುವ ಕಡೆ ಅಲ್ಲ, ಹೈವೇ ದಾಟಿ ನಿಲ್ಲಬೇಕು."

"ಹೂಂ. ಹೋಗುತ್ತೇನೆ, ಮಾವ."

ಆ ಮನೆಯಿಂದ ಹಾಗೆ ಹೇಳಿ ಯಾರೂ ಹೊರಟದ್ದಿಲ್ಲ. ಬರುತ್ತೇನೆ ಅಂತಲೇ ಹೇಳುವುದು. ಅಕ್ಷಿತ್ ಕೂಡ ಬರುತ್ತೇನೆ ಅಂತಲೇ ಹೇಳಿದ್ದ.

ಗೇಟು ತೆರೆದ ಶಬ್ದ ಕೇಳಿತು, ಮುಚ್ಚಿದ ಶಬ್ದ ಕೇಳಿತು. ಊಟದ ಚೀಲ ಇಟ್ಟಲ್ಲೇ ಇತ್ತು. ಭೋಜ ಬ್ರಶ್ಶು ತೊಳೆದು, ಕಬ್ಬಿಣದ ಹುಡಿಯ ಡಬ್ಬಿಗೆ ಮುಚ್ಚಳ ಹಾಕಿದ.

ಸಂಜೆ ಪ್ರಫುಲ್ಲಾ ಎಂದಿನಂತೆ ಮಗನನ್ನೂ ಸೇರಿಸಿ ನಾಲ್ಕು ಮಂದಿಗೆ ಅಕ್ಕಿ ಹಾಕಿದಳು. ಊಟಕ್ಕೆ ಇಬ್ಬರೇ ಕೂತರು. ನವ್ಯಶ್ರೀ ಆ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ.