ಪ್ರಸ್ಥಾನದ ಗಂಟು

ಆವಲಪ್ಪ, ವೆಂಕಟರತ್ನಮ್ಮ ದಂಪತಿ ನೇಪಾಳಕ್ಕೆ ಹೊರಟದ್ದು ಎಪ್ಪತ್ತಾರನೇ ಇಸವಿ ಕಾರ್ತಿಕ ಮಾಸದ ಒಂದು ಶುಕ್ರವಾರ, ಬೆಳಿಗ್ಗೆ ಏಳೂಕಾಲಿಗೆ. ಹೊರಟ ಮೇಲೆ ಹತ್ತು ವರ್ಷ ಅವರು ಮುಳಬಾಗಿಲು ಬಿಟ್ಟು ಕದಲಲಿಲ್ಲ. ಒಗಟು ಹೇಳುತ್ತಿಲ್ಲ, ನಡೆದದ್ದೇ ಹಾಗೆ. ಪ್ರಸ್ಥಾನ ಇಡುವುದು ಅಂದರೇನೆಂದು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ.

ತಿಳಿಯದವರಿಗೆ ಹೇಳಬೇಕಲ್ಲ. ಬಂಗಾರಪೇಟೆಯಲ್ಲಿ ಅವರು ಹಿಡಿಯಬೇಕಿದ್ದ ಮದ್ರಾಸಿನ ರೈಲು ಮಂಗಳವಾರದ್ದು. ಮಂಗಳವಾರ ಉತ್ತರಕ್ಕೆ ವಾರಶೂಲ. ಮನೆಯಿಂದ ಹೊರಡುವ ಹಾಗಿಲ್ಲ. ರೈಲ್ವೆಯವರು ಪಂಚಾಂಗ ನೋಡಿ ಗಾಡಿ ಬಿಡುತ್ತಾರೆಯೇ? ಇಂಥ ಇಕ್ಕಟ್ಟಿಗೆಂದೇ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ. ಒಳ್ಳೆಯ ದಿನ, ಒಳ್ಳೆಯ ಗಳಿಗೆ ನೋಡಿ ಪ್ರಯಾಣದ ಬಟ್ಟೆಬರೆಯನ್ನು ಗಂಟು ಕಟ್ಟಿ, ಹೊಸ್ತಿಲು ದಾಟಿಸಿ, ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಬಿದ್ದರೆ ಆಳೂ ಹೊರಬಿದ್ದ ಹಾಗೆ. ಆಮೇಲೆ ಯಾವ ವಾರ ಹೊರಟರೂ ಬಾಧಕವಿಲ್ಲ. ಒಂದೇ ಕಟ್ಟಳೆ: ಆ ಗಂಟು ಅಲ್ಲಿಂದ ನೇರ ದಾರಿಗೆ ಹೋಗಬೇಕೇ ಹೊರತು ತಿರುಗಿ ಮನೆಯೊಳಗೆ ಬರಬಾರದು. ಬಂತೋ, ಆ ಪ್ರಯಾಣ ಅಲ್ಲಿಗೆ ಮುಗಿಯಿತು.

ಗಂಟಿನಲ್ಲಿದ್ದದ್ದು ವೆಂಕಟರತ್ನಮ್ಮನ ಒಂದು ನೀಲಿ ಸೀರೆ, ಆವಲಪ್ಪನ ಒಂದು ಅಂಗಿ ಪಂಚೆ, ಹಿಡಿ ಅಕ್ಕಿ, ಅರಿಶಿನದ ಕೊಂಬು, ಎರಡು ಅಡಿಕೆ. ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯಲ್ಲಿ ಕಟ್ಟಿ, ಎದುರುಮನೆ ಮುನಿಶಾಮಮ್ಮನ ಕೈಗೆ ಕೊಟ್ಟರು. ಮುನಿಶಾಮಮ್ಮ ರೇಷ್ಮೆಹುಳು ಸಾಕುವವಳು, ಬಾಯಿ ಜೋರು, ಮಡಿ ಅದಕ್ಕಿಂತ ಜೋರು. "ಅಂತೂ ಫಾರಿನ್ನಿಗೆ ಹೊರಟೆ ಅನ್ನಮ್ಮ," ಎಂದು ನಗುತ್ತಲೇ ಅದನ್ನು ತನ್ನ ದೇವರ ಗೂಡಿನ ಪಕ್ಕದ ಗೂಟಕ್ಕೆ ನೇತುಹಾಕಿದಳು.

ಫಾರಿನ್ನೇ. ಪಾಸ್‌ಪೋರ್ಟು ಬೇಡವಾದರೇನಂತೆ, ಬೇರೆ ರಾಜ, ಬೇರೆ ದುಡ್ಡು. ಆವಲಪ್ಪ ಆ ದೇಶ ಕಂಡವನು. ಮದುವೆಗೆ ಮುಂಚೆ ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದ; ನಮ್ಮವರು ಅಲ್ಲಿ ಬೆಟ್ಟ ಕಡಿದು ಕಾಠ್ಮಂಡುವಿಗೆ ರಸ್ತೆ ಮಾಡುವಾಗ ಎರಡು ವರ್ಷ ಕಲ್ಲು, ಡಾಂಬರು ಹೊತ್ತಿದ್ದ. ಊರಿಗೆ ಬಂದ ಮೇಲೆ ಮುಳಬಾಗಿಲು–ಶ್ರೀನಿವಾಸಪುರ ರೂಟಿನ ಖಾಸಗಿ ಬಸ್ಸು ಹಿಡಿದ. ಮದುವೆಯಾದ ವಾರದಲ್ಲೇ ಹೆಂಡತಿಗೆ ಮಾತು ಕೊಟ್ಟಿದ್ದ: "ಆ ರಸ್ತೇಲಿ ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡು ಜೀಪ್ ಓಡಿಸ್ತೀನಿ ಕಣೇ, ರತ್ನ. ಆಮೇಲೆ ಬೇಕಾದ್ರೆ ಸಾಯ್ತೀನಿ." ಹೊಸ ಗಂಡಂದಿರು ಏನೇನೋ ಹೇಳುತ್ತಾರೆ, ನಿಜ. ಇವನು ಮಾತ್ರ ಮರೆಯಲಿಲ್ಲ. ಗಡಿಯ ರಕ್ಸೌಲಿನಲ್ಲಿ ಮಿಶ್ರಾ ಎಂಬ ಹಳೆಯ ಮಿಲಿಟರಿ ಗೆಳೆಯನಿದ್ದ, ಅವನ ಹತ್ತಿರ ಜೀಪಿತ್ತು. ವರ್ಷಕ್ಕೊಂದು ಕಾಗದ: ಯಾವಾಗ ಬರ್ತೀಯ?

ವೆಂಕಟರತ್ನಮ್ಮ ಆ ದಾರಿ ಕಲಿತದ್ದು ರಾಗಿಯ ಮೇಲೆ. ಮಿಲ್ಲಿಗೆ ಕಳಿಸುವ ಮೊದಲು ಮಾಳಿಗೆಯ ಮೇಲೆ ರಾಗಿ ಹರಡಿ ಬಿಸಿಲಿಗೆ ಹಾಕುತ್ತಿದ್ದಳು. ಸಂಜೆ ಗಂಡ ಡ್ಯೂಟಿ ಮುಗಿಸಿ ಬಂದು, ಕಾಲು ತೊಳೆದು, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ದಾರಿ ಎಳೆಯುತ್ತಿದ್ದ.

"ಇದು ರಕ್ಸೌಲು. ಗೇಟ್ ದಾಟಿದ್ರೆ ಬೀರ್‌ಗಂಜು. ಇಲ್ಲಿಂದ ಕಾಡು, ನೆಟ್ಟಗೆ ಹೆಟೌಡಾ. ಅಲ್ಲಿ ಟೀ ಕುಡ್ದು ರೇಡಿಯೇಟರಿಗೆ ನೀರು ಹಾಕ್ಕೋಬೇಕು, ಮರೀಬಾರ್ದು. ಭೈಂಸೆ ಹತ್ರ ಸೇತುವೆ. ಆಮೇಲೆ ಶುರು ನೋಡು ತಿರುವು." ರಾಗಿಯನ್ನು ಗುಡ್ಡೆ ಮಾಡಿ ಅದರ ಮೈಮೇಲೆ ಬೆರಳು ಸುತ್ತಿಸುತ್ತಿದ್ದ. "ಎಂಥಾ ತಿರುವು ಅಂತೀಯ, ಮುಂದಿನ ಲಾರಿ ಡ್ರೈವರು ಬೀಡಿ ಕೊಡವಿದ್ರೆ ಬೂದಿ ನಮ್ಮ ತಲೆ ಮೇಲೆ ಬೀಳುತ್ತೆ."

"ಆಮೇಲೆ?"

"ಆಮೇಲೆ ದಾಮನ್, ಬೆಟ್ಟದ ನೆತ್ತಿ. ರಾತ್ರಿ ಅಲ್ಲೇ ಉಳ್ಕೊಳ್ಳೋದು, ಬೆಳಿಗ್ಗೆ ಬೇಗ ಏಳೋದು. ಈ ಕೊನೆಯಿಂದ ಆ ಕೊನೆಗೆ ಬರೀ ಮಂಜಿನ ಬೆಟ್ಟ. ಮೊದಲು ಒಂದೇ ಒಂದು ತುದಿ ಕೆಂಪಗಾಗುತ್ತೆ. ಆಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು. ಯಾರೋ ಕಾರ್ತಿಕದ ದೀಪ ಹಚ್ಕೊಂಡು ಹೋದಂಗೆ."

ಮುಳಬಾಗಿಲ ಬೋಳು ಬಂಡೆಯ ಬೆಟ್ಟ ಬಿಟ್ಟರೆ ಇನ್ನೊಂದು ಬೆಟ್ಟವನ್ನು ಸರಿಯಾಗಿ ನೋಡಿರದ ವೆಂಕಟರತ್ನಮ್ಮ ಆ ರಾಗಿಯನ್ನು ಮತ್ತೆ ಸಮ ಮಾಡಲು ಕೈ ಬಾರದೆ ಹಾಗೇ ಬಿಟ್ಟು ಕೆಳಗೆ ಇಳಿಯುತ್ತಿದ್ದಳು. ಬೆಳಿಗ್ಗೆ ಅತ್ತೆ ಅಕ್ಕಯಮ್ಮ, "ಏನಮ್ಮ, ರಾಗಿ ಮೇಲೆ ಕೋಳಿ ಓಡಾಡಿದ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಗುತ್ತಿದ್ದಳು. ಅಕ್ಕಯಮ್ಮ ಒಳ್ಳೆಯ ಹೆಂಗಸು. ಅದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದದ್ದು ಅವಳಿಂದ.

ಮಗಳ ಮದುವೆ ಮುಗಿಯಿತು. ಬಸ್ಸಿನ ಯಜಮಾನರು ಒಂದು ತಿಂಗಳು ರಜ ಕೊಟ್ಟರು. ಕುರುಡುಮಲೆ ಗಣಪತಿಗೆ ಕಾಯಿ ಒಡೆಸಿ ಬಂದದ್ದಾಯಿತು, ಪ್ರಸ್ಥಾನ ಇಟ್ಟದ್ದಾಯಿತು. ಸೋಮವಾರ ಸಂಜೆ ಅಕ್ಕಯಮ್ಮ ದಾರಿಗೆಂದು ಚಕ್ಕುಲಿ ಸುಟ್ಟು, ಎಣ್ಣೆ ಕೈ ತೊಳೆಯಲು ಬಚ್ಚಲಿಗೆ ಹೋದವಳು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಕೋಲಾರದ ಆಸ್ಪತ್ರೆಗೆ ಹೊತ್ತುಕೊಂಡು ಹೋದ ವ್ಯಾನಿನಲ್ಲೂ ಆ ಮುದುಕಿ, "ನೀವು ಹೊರಡಿ, ಪ್ರಸ್ಥಾನ ಇಟ್ಟಾಗಿದೆ," ಅನ್ನುತ್ತಲೇ ಇದ್ದಳು. ಹೊರಡಲು ಆಗುತ್ತದೆಯೇ? ಆಮೇಲೆ ಎಂಟು ವರ್ಷ ಅವಳು ಮಂಚ ಬಿಟ್ಟು ಏಳಲಿಲ್ಲ. ತಿರುಗಿಸಿ ಮಲಗಿಸಿದ್ದು, ಉಣಿಸಿದ್ದು, ತೊಳೆದದ್ದು ಎಲ್ಲಾ ವೆಂಕಟರತ್ನಮ್ಮ. ಅವಳಿಗೆ ಸಿಟ್ಟೇ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಷ್ಟೋ ಸಲ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಬಟ್ಟೆಯನ್ನು ಬೇಕಾದದ್ದಕ್ಕಿಂತ ಜೋರಾಗಿ ಬಡಿದಿದ್ದಾಳೆ.

ಆ ಮೊದಲ ವರ್ಷವೇ ಗಂಟಿನ ಮಾತು ಬಂತು. ಹತ್ತು ದಿನ ದಾಟಿದರೆ ಪ್ರಸ್ಥಾನಕ್ಕೆ ಬಲವಿಲ್ಲ, ಬೇಕಾದಾಗ ಇನ್ನೊಂದು ಇಡಿ ಎಂದರು ಜೋಯಿಸರು. ಆವಲಪ್ಪ ಒಪ್ಪಲಿಲ್ಲ. "ಗಂಟು ಅಲ್ಲೇ ಇರ್ಲಿ. ನಾವು ಹೊರಟಾಗಿದೆ, ದಾರೀಲಿದ್ದೀವಿ," ಅಂದ. ಅಲ್ಲಿಂದ ಅದೊಂದು ಆಟವಾಯಿತು. ಡ್ಯೂಟಿಯಿಂದ ಬಂದ ಗಂಡನಿಗೆ ನೀರಿನ ಚೊಂಬು ಕೊಡುತ್ತಾ ಅವಳು ಕೇಳುವಳು: "ಎಲ್ಲೀವರ್ಗೂ ಬಂದ್ವಿ?" ಅವನು, "ಹೆಟೌಡಾ ಬಿಟ್ವಿ," ಅನ್ನುವನು. ಇನ್ನೊಂದು ದಿನ, "ಭೈಂಸೆ ಸೇತುವೆ. ಮಂಜು ಜಾಸ್ತಿ, ನಿಧಾನ ಹೋಗ್ತಿದ್ದೀವಿ." ಮಂಚದ ಮೇಲಿನಿಂದ ಅಕ್ಕಯಮ್ಮನೂ ದನಿ ಸೇರಿಸುವಳು: "ನನ್ನೆಲ್ಲಿ ಇಳಿಸಿದ್ರೋ?" ಕಷ್ಟದ ದಿನಗಳೇ, ಆದರೆ ಆ ಮೂರು ಜನರಷ್ಟು ದೂರ ಹೋದವರು ಮುಳಬಾಗಿಲಿನಲ್ಲಿ ಯಾರೂ ಇರಲಿಲ್ಲ.

ಎಂಬತ್ತೆರಡರಲ್ಲಿ ಒಂದು ಸಂಜೆ ಆವಲಪ್ಪ ಶ್ರೀನಿವಾಸಪುರದ ಹತ್ತಿರ ರಸ್ತೆಯ ಪಕ್ಕಕ್ಕೆ ಬಸ್ಸು ನಿಲ್ಲಿಸಿ, ಕೀ ತೆಗೆದು ಕಂಡಕ್ಟರನ ಕೈಗೆ ಕೊಟ್ಟ. ಎದುರು ಬಂದ ಲಾರಿ ಅವನಿಗೆ ಕಂಡಿರಲಿಲ್ಲ, ಶಬ್ದ ಕೇಳಿ ತಪ್ಪಿಸಿದ್ದ. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ನಾಲ್ಕು ವರ್ಷದಲ್ಲಿ ಬೆಳಕು ಯಾವುದು ನೆರಳು ಯಾವುದು ಎನ್ನುವಷ್ಟು ಮಾತ್ರ ಉಳಿಯಿತು. ಅಷ್ಟರಲ್ಲಿ ಅಕ್ಕಯಮ್ಮನೂ ತೀರಿಕೊಂಡಿದ್ದಳು. ಎಲ್ಲೀವರ್ಗೂ ಬಂದ್ವಿ ಎಂದು ವೆಂಕಟರತ್ನಮ್ಮ ಕೇಳುವುದನ್ನು ನಿಲ್ಲಿಸಿದಳು. ಕೇಳಿದರೆ ಅವನು ಮುಖ ತಿರುಗಿಸುತ್ತಿದ್ದ.

ಎಂಬತ್ತಾರರ ದೀಪಾವಳಿ ಕಳೆದ ಮರುವಾರ ಮುನಿಶಾಮಮ್ಮ ಬಂದು ಜಗುಲಿಯ ಮೇಲೆ ಕೂತಳು. ಮಗ ಮಾಲೂರಿನಲ್ಲಿ ಇಟ್ಟಿಗೆ ಗೂಡಿನ ಕೆಲಸ ಹಿಡಿದು ಅಲ್ಲೇ ಮನೆ ಮಾಡಿದ್ದಾನೆ, ತಾನೂ ಗಂಡನೂ ಅಲ್ಲಿಗೇ ಹೋಗುತ್ತಿದ್ದೇವೆ, ಈ ಮನೆ ಕೊಂಡವರು ಬರುವ ತಿಂಗಳು ಕೆಡವುತ್ತಾರೆ ಎಂದಳು. ಆಮೇಲೆ ಸೆರಗಿನ ತುದಿ ಎಳೆದುಕೊಳ್ಳುತ್ತಾ, "ನಿಮ್ಮ ಗಂಟು ಏನ್ ಮಾಡ್ಲಿ?" ಎಂದು ಕೇಳಿದಳು.

ವೆಂಕಟರತ್ನಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಆವಲಪ್ಪನ ದನಿ ಬಂತು: "ತಂದ್ಬಿಡಕ್ಕ. ಮನೆಗೆ ತಂದ್ಬಿಡು."

ಎರಡು ದಿನ ವೆಂಕಟರತ್ನಮ್ಮ ಗಂಡನೊಂದಿಗೆ ಮಾತಾಡಲಿಲ್ಲ. ಮುದ್ದೆ ಮುಂದಿಟ್ಟಳು, ಸಾರು ಬಡಿಸಿದಳು, ಕೈ ಹಿಡಿದು ಬಚ್ಚಲಿಗೆ ಬಿಟ್ಟಳು; ಬಾಯಿ ಮಾತ್ರ ಬಿಚ್ಚಲಿಲ್ಲ. ಇಪ್ಪತ್ತೊಂಬತ್ತು ವರ್ಷ ಬಾಳಿದ ಮೇಲೆ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟನಲ್ಲ, ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬ ಸಿಟ್ಟು. ಮೂರನೆಯ ದಿನ, ಆಗಲಿ, ಅವರಿಗೇ ಬೇಡವಾದರೆ ನನಗೇಕೆ ಎಂದುಕೊಂಡು ಗಂಟು ತರಲು ಎದುರುಮನೆಗೆ ಹೋದಳು.

ಗೂಟದ ಮೇಲಿನ ಗಂಟು ನೋಡಿ ಅಲ್ಲೇ ನಿಂತಳು. ಹತ್ತು ವರ್ಷದ ಧೂಳು, ಜೇಡರಬಲೆ ಇರುತ್ತದೆ ಎಂದುಕೊಂಡಿದ್ದಳು. ಬಟ್ಟೆ ಈಗ ತಾನೇ ಅರಿಶಿನದಲ್ಲಿ ಅದ್ದಿದಷ್ಟು ಹಳದಿಯಾಗಿತ್ತು.

"ಇದು ನಾ ಕಟ್ಟಿದ್ದಲ್ಲ, ಅಕ್ಕ."

"ನೀ ಕಟ್ಟಿದ್ದು ಮೊದಲ ಯುಗಾದಿಗೇ ನುಸಿ ಹಿಡೀತು," ಅಂದಳು ಮುನಿಶಾಮಮ್ಮ, ಏನೋ ತಪ್ಪು ಮಾಡಿದವಳ ಹಾಗೆ. "ಪ್ರತಿ ಯುಗಾದಿಗೂ ಬಿಚ್ಚಿ ಅಕ್ಕಿ ಬದಲಾಯಿಸ್ತಿದ್ದೆ, ಅರಿಶಿನ ಬದಲಾಯಿಸ್ತಿದ್ದೆ. ಸೀರೆ ಬಿಸಿಲಿಗೆ ಹಾಕಿ ಮಡಚಿ ಕಟ್ತಿದ್ದೆ. ಗಂಟು ಬಿಚ್ಚಬಾರದು ಅಂತಾರೆ, ಗೊತ್ತಮ್ಮ. ಪೋನಿಲೇ, ಹೋಗ್ಲಿ, ಆ ಪಾಪ ನಂಗಿರ್ಲಿ ಅಂದ್ಕೊಂಡೆ. ದಾರೀಲಿರೋರ ಗಂಟಿಗೆ ಹುಳ ಬೀಳೋಕೆ ಬಿಡೋದು ಹೆಂಗೆ?"

ಹತ್ತು ಯುಗಾದಿ. ತಾವು ಮರೆತ ವರ್ಷಗಳಲ್ಲೂ, ಕೇಳುವುದನ್ನೇ ನಿಲ್ಲಿಸಿದ ವರ್ಷಗಳಲ್ಲೂ, ಎದುರುಮನೆಯಲ್ಲಿ ಒಬ್ಬಳು ತಮ್ಮ ಪ್ರಯಾಣ ಕೆಡದಂತೆ ನೋಡಿಕೊಂಡಿದ್ದಳು. ವೆಂಕಟರತ್ನಮ್ಮ ಗೂಟದತ್ತ ಎತ್ತಿದ ಕೈ ಇಳಿಸಿದಳು. ಮುನಿಶಾಮಮ್ಮನ ಭುಜ ಹಿಡಿದು ಅತ್ತಳು. "ಒಂದು ವಾರ ಇಲ್ಲೇ ಇರ್ಲಿ," ಎಂದು ಹೇಳಿ ಬರಿಗೈಯಲ್ಲಿ ವಾಪಸು ಬಂದಳು.

ಆವಲಪ್ಪ ಮಾಳಿಗೆಯ ಮೇಲೆ ಬಿಸಿಲಿಗೆ ಕೂತಿದ್ದ. ಪಕ್ಕದಲ್ಲಿ ರಾಗಿ ಹರಡಿತ್ತು. ಅವಳು ಎದುರಿಗೆ ಕೂತಳು.

"ಯಾಕೆ ಬೇಡ ಅಂದ್ರಿ? ನಿಜ ಹೇಳಿ."

"ಇಲ್ಲಿ ಕೂತ್ರೆ ನಂಗೆ ಎಲ್ಲಾ ಕಾಣುತ್ತೆ, ರತ್ನ. ಒಂದೊಂದು ತಿರುವೂ ಕಾಣುತ್ತೆ. ಅಲ್ಲಿ ಹೋಗಿ, ಆ ಬೆಟ್ಟದ ಎದುರಿಗೆ ನಿಂತು, ಏನೂ ಕಾಣದೆ ಇದ್ರೆ? ಇರೋದೂ ಹೋಗ್ಬಿಡುತ್ತೆ ಅಂತ ಭಯ." ಆಮೇಲೆ ಮೆಲ್ಲಗೆ ಸೇರಿಸಿದ: "ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಿಸ್ತೀನಿ ಅಂದಿದ್ದೆ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?"

ವೆಂಕಟರತ್ನಮ್ಮ ಗಂಡನ ತೋರುಬೆರಳು ಹಿಡಿದು ರಾಗಿಯ ಮೇಲೆ ಇಟ್ಟಳು.

"ಇದು ರಕ್ಸೌಲು," ಅಂದಳು. ಬೆರಳನ್ನು ಮುಂದಕ್ಕೆ ಎಳೆದಳು. "ಗೇಟ್ ದಾಟಿದ್ವಿ, ಬೀರ್‌ಗಂಜು. ಇಲ್ಲಿಂದ ಕಾಡು. ಇದು ಹೆಟೌಡಾ, ರೇಡಿಯೇಟರಿಗೆ ನೀರು. ಭೈಂಸೆ ಸೇತುವೆ. ಈಗ ತಿರುವು, ಮೇಲಿಂದ ಬೀಡಿ ಬೂದಿ ಬೀಳುತ್ತೆ, ತಲೆ ತಗ್ಗಿಸಿ." ಇನ್ನೊಂದು ಕೈಯಿಂದ ರಾಗಿ ಗುಡ್ಡೆ ಮಾಡಿ, ಅವನ ಬೆರಳನ್ನು ಅದರ ಸುತ್ತ ಹತ್ತಿಸಿದಳು. ತುದಿಗೆ ಬಂದಾಗ ನಿಲ್ಲಿಸಿದಳು. "ಇದು ದಾಮನ್. ಇಷ್ಟು ವರ್ಷ ನೀವು ನೋಡಿದ್ದನ್ನ ನಂಗೆ ಹೇಳಿದ್ರಿ, ನಾನು ಕಾಣದೇನೇ ನಂಬಿದೆ. ಇನ್ಮೇಲೆ ನಾನು ನೋಡಿ ಹೇಳ್ತೀನಿ. ನೀವು ನಂಬಿ."

ಆವಲಪ್ಪ ಬೆರಳಿನಿಂದ ಆ ಗುಡ್ಡೆಯ ತುದಿಯನ್ನು ತಡವಿದ.

"ಜೀಪು?" ಎಂದು ಕೇಳಿದ.

"ಮಿಶ್ರಾ ಓಡಿಸ್ತಾರೆ. ನೀವು ಪಕ್ಕದಲ್ಲಿ ಕೂತು ಬೈಯ್ತಾ ಬನ್ನಿ."

ಅವನು ನಕ್ಕ. ನಾಲ್ಕು ವರ್ಷದಿಂದ ಆ ಮನೆಯಲ್ಲಿ ಕೇಳದಿದ್ದ ನಗು ಅದು.

ಹೊರಟದ್ದು ಮಂಗಳವಾರವೇ. ಪ್ರಸ್ಥಾನ ಹತ್ತು ವರ್ಷದ ಹಿಂದೆಯೇ ಆಗಿದೆ, ಇನ್ನು ವಾರಶೂಲ ನಮ್ಮನ್ನೇನು ಮಾಡುತ್ತೆ ಎಂದಳು ವೆಂಕಟರತ್ನಮ್ಮ. ಜೋಯಿಸರು ಏನಂದರೋ ಯಾರೂ ಕೇಳಲಿಲ್ಲ. ಮುನಿಶಾಮಮ್ಮ ಗಂಟನ್ನು ತನ್ನ ಹೊಸ್ತಿಲಿನಿಂದ ಬಸ್ ಸ್ಟ್ಯಾಂಡಿನವರೆಗೆ ತಾನೇ ಹೊತ್ತು ತಂದು, ಕಿಟಕಿಯಿಂದ ಆವಲಪ್ಪನ ಕೈಗೆ ಕೊಟ್ಟಳು. "ನಂದಾಯ್ತು. ಇನ್ನು ನೀವುಂಟು, ಅದುಂಟು," ಎಂದು ಮೂಗು ಒರೆಸಿಕೊಂಡಳು. ಮರುವಾರ ಅವಳೂ ಮಾಲೂರಿಗೆ ಹೊರಡುವವಳಿದ್ದಳು. ಬರುವಾಗ ಅಲ್ಲಿ ಇಳಿದು ಅವಳಿಗೆ ಎಲ್ಲಾ ಹೇಳಿಯೇ ಊರಿಗೆ ಬರುವುದು ಎಂದು ವೆಂಕಟರತ್ನಮ್ಮ ಮಾತು ಕೊಟ್ಟಳು.

ಬಸ್ಸು ಕೋಲಾರದ ರಸ್ತೆಗೆ ತಿರುಗಿತು. ಡ್ರೈವರಿಗೆ ಗೇರು ಹಾಕಲು ಬರುವುದಿಲ್ಲ ಎಂದು ಆವಲಪ್ಪ ಎರಡು ಸಲ ಗೊಣಗಿದ. ಆಮೇಲೆ ಸುಮ್ಮನಾದ. ಗಂಟನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ಆ ರಸ್ತೆಯ ಒಂದೊಂದು ಹಳ್ಳವನ್ನೂ ಮೈಯಲ್ಲೇ ಬಲ್ಲ ಆ ಮನುಷ್ಯ ಹೆಂಡತಿಯ ಕಡೆ ವಾಲಿ ಕೇಳಿದ:

"ಎಲ್ಲೀವರ್ಗೂ ಬಂದ್ವಿ?"

ವೆಂಕಟರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದಳು. ಊರಂಚಿನ ಮಠ ಹಿಂದೆ ಸರಿಯುತ್ತಿತ್ತು.

"ನರಸಿಂಹತೀರ್ಥ ದಾಟಿದ್ವಿ," ಅಂದಳು.